ಅಣು ಗಾತ್ರದ ಕಂಪ್ಯೂಟರಿನ ನಿಜವಾದ ಮಿತಿಯನ್ನು ಲೆಕ್ಕ ಹಾಕುವುದು ಹೇಗೆ

ಅಣುಗಳಿಂದ ಕಟ್ಟುವ ಕಂಪ್ಯೂಟರ್ ಬಗ್ಗೆ ಓಡಾಡುವ ದೊಡ್ಡ ದೊಡ್ಡ ಅಂಕಿಗಳು ಬಹುಪಾಲು ಒಂದೇ ರೀತಿ ಹುಟ್ಟುತ್ತವೆ. ಒಂದು ಗೇಟಿನ (ತರ್ಕದ ಒಂದು ಹೆಜ್ಜೆ ನಡೆಸುವ ಅತಿ ಸಣ್ಣ ಭಾಗ) ಗಾತ್ರ ಇಷ್ಟು, ಒಂದು ಘನ ಸೆಂಟಿಮೀಟರಿಗೆ ಇಷ್ಟು ಗೇಟು ಹಿಡಿಯುತ್ತವೆ, ಕ್ಲಾಕ್ ವೇಗ (ಸೆಕೆಂಡಿಗೆ ಎಷ್ಟು ಬಡಿತ) ಇಷ್ಟು ಎಂದು ಮೂರನ್ನೂ ಗುಣಿಸಿಬಿಡುವುದು. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಆ ಗೇಟುಗಳೆಲ್ಲ ಒಟ್ಟಿಗೆ ಕೆಲಸಕ್ಕಿಳಿದರೆ ಹುಟ್ಟುವ ಶಾಖ ಎಲ್ಲಿ ಹೋಗಬೇಕು ಎಂಬ ಪ್ರಶ್ನೆ ಅದರೊಳಗೆ ಬರುವುದೇ ಇಲ್ಲ. ಅಣು ಮಟ್ಟದ ಗಣನೆಗೆ ಜಾಗದ ಕೊರತೆಯಿಲ್ಲ. ಕಟ್ಟಿಹಾಕುವುದು ಶಾಖ. ಆದ್ದರಿಂದ ಲೆಕ್ಕವನ್ನು ಶಾಖದಿಂದಲೇ ಶುರುಮಾಡಿ. ಎಷ್ಟು ವ್ಯಾಟ್ ಹೊರತೆಗೆಯಬಲ್ಲಿರಿ ಎಂದು ಮೊದಲು ನಿಶ್ಚಯವಾಗಲಿ, ಎಷ್ಟು ಪ್ರೊಸೆಸರ್ ಯಾವ ವೇಗದಲ್ಲಿ ಓಡಬಹುದು ಎಂಬುದು ಆಮೇಲೆ.

ಇಂಥ ಕಂಪ್ಯೂಟರನ್ನು ಈವರೆಗೆ ಯಾರೂ ಕಟ್ಟಿಲ್ಲ, ಇರುವುದು ವಿನ್ಯಾಸಗಳು ಮಾತ್ರ. ಹಾಗಾಗಿ ಇಲ್ಲಿನ ಪ್ರತಿ ಅಂಕಿಯೂ ಅಂದಾಜು. ಆದರೂ ಹತ್ತು ಪಟ್ಟು, ನೂರು ಪಟ್ಟು ತಪ್ಪುವ ಅಂದಾಜಿಗೂ ಹತ್ತು ಸಾವಿರ ಪಟ್ಟು ತಪ್ಪುವ ಅಂದಾಜಿಗೂ ತುಂಬ ವ್ಯತ್ಯಾಸವಿದೆ.

ಕೈಯಲ್ಲಿಟ್ಟುಕೊಳ್ಳಬೇಕಾದ ಅಂಕಿಗಳು

ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ತಾಪಮಾನದಿಂದ ಗುಣಿಸಿದರೆ ಬರುವ ಶಕ್ತಿಯೇ ಇಲ್ಲಿ ಅಳತೆಗೋಲು. ಇದನ್ನು ಕೆಟಿ ಎನ್ನೋಣ. 300 ಕೆಲ್ವಿನ್‌ನಲ್ಲಿ ಒಂದು ಕೆಟಿ ಎಂದರೆ 4.14×10⁻²¹ ಜೂಲ್. ಒಂದು ಬಿಟ್ ಮಾಹಿತಿಯನ್ನು ಅಳಿಸಿದರೆ ಕನಿಷ್ಠ 0.693 ಕೆಟಿ, ಅಂದರೆ 2.87×10⁻²¹ ಜೂಲ್, ಶಾಖವಾಗಿ ಹೊರಬೀಳಲೇಬೇಕು. ಐಬಿಎಂನ ರಾಲ್ಫ್ ಲ್ಯಾಂಡವರ್ 1961ರಲ್ಲಿ ಹೇಳಿದ್ದು ಇದು. 2012ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಲೇಸರ್ ಬಲೆಯೊಳಗೆ ಹಿಡಿದಿಟ್ಟ ಸೂಕ್ಷ್ಮ ಗಾಜಿನ ಮಣಿಯ ಮೇಲೆ ಅಳೆದಾಗಲೂ ನಿಧಾನವಾಗಿ ಅಳಿಸಿದಷ್ಟೂ ಶಾಖ ಇದೇ ಮಿತಿಯ ಹತ್ತಿರ ಬಂದು ನಿಂತಿತು.

ಉದಾಹರಣೆಗೆ ಅಣು ಮಟ್ಟದ ಯಂತ್ರಗಳ ಬಗ್ಗೆ ಬರೆದ ಅಮೆರಿಕದ ಎಂಜಿನಿಯರ್ ಎರಿಕ್ ಡ್ರೆಕ್ಸ್‌ಲರ್ 1992ರಲ್ಲಿ ವಿವರಿಸಿದ ಕಡ್ಡಿ ತರ್ಕದ ಪ್ರೊಸೆಸರನ್ನು ತೆಗೆದುಕೊಳ್ಳೋಣ. ಇದರಲ್ಲಿ ವಿದ್ಯುತ್ ಸಂಕೇತಗಳಿಲ್ಲ. ವಜ್ರದಂಥ ರಚನೆಯ ಕಡ್ಡಿಗಳು ಸುಮಾರು ಒಂದು ನ್ಯಾನೊಮೀಟರಿನಷ್ಟು ಜರುಗುತ್ತವೆ, ಒಂದರ ಗುಬುಟು ಇನ್ನೊಂದರ ದಾರಿಗೆ ಅಡ್ಡ ನಿಂತರೆ ಅದು ತಡೆ, ನಿಲ್ಲದಿದ್ದರೆ ದಾರಿ. ಇಂಥ ಸುಮಾರು 10 ಲಕ್ಷ ತಡೆಗಳಿರುವ ಪ್ರೊಸೆಸರು 400 ನ್ಯಾನೊಮೀಟರ್ ಬದಿಯ ಘನದಲ್ಲಿ ಹಿಡಿಯುತ್ತದೆ, ಬಡಿತಕ್ಕೊಂದರಂತೆ ಸೆಕೆಂಡಿಗೆ ಸುಮಾರು 100 ಕೋಟಿ ಆದೇಶ ನಡೆಸುತ್ತದೆ, ಸುಮಾರು 60 ನ್ಯಾನೊವ್ಯಾಟ್ ಬಳಸುತ್ತದೆ. ಆದೇಶವೊಂದಕ್ಕೆ 6×10⁻¹⁷ ಜೂಲ್ ಆಯಿತು.

ಯಾವ ವಿನ್ಯಾಸವನ್ನು ತೆಗೆದುಕೊಂಡರೂ ಮೊದಲು ಒಂದು ಪರೀಕ್ಷೆ ಮಾಡಿ. ಬಳಸುವ ವ್ಯಾಟ್‌ಗಳನ್ನು ತಡೆಗಳ ಸಂಖ್ಯೆಯಿಂದಲೂ ಕ್ಲಾಕ್ ವೇಗದಿಂದಲೂ ಭಾಗಿಸಿ. ಇಲ್ಲಿ ತಡೆಯೊಂದಕ್ಕೆ, ಬಡಿತವೊಂದಕ್ಕೆ 6×10⁻²³ ಜೂಲ್ ಬರುತ್ತದೆ. ಅಳಿಸುವ ಕನಿಷ್ಠ ಬೆಲೆಯ ಸುಮಾರು 48ನೇ ಒಂದು ಭಾಗವಷ್ಟೇ. ಅಂದರೆ ಈ ವಿನ್ಯಾಸ ಬಡಿತಕ್ಕೊಮ್ಮೆ ಪ್ರತಿ ತಡೆಯಲ್ಲೂ ಬಿಟ್ ಅಳಿಸುತ್ತಾ ಹೋದರೆ 60 ನ್ಯಾನೊವ್ಯಾಟ್ ಅಸಾಧ್ಯ. ಕಡ್ಡಿಗಳನ್ನು ಮುಂದೆ ತಳ್ಳಿದ ಕ್ರಮದಲ್ಲೇ ಹಿಂದಕ್ಕೆ ಎಳೆದು, ಸ್ಪ್ರಿಂಗಿನಲ್ಲಿ ಕೂಡಿಟ್ಟ ಶಕ್ತಿಯನ್ನು ಮರಳಿ ಪಡೆಯುವ ರಿವರ್ಸಿಬಲ್ ತರ್ಕವಾದರೆ ಮಾತ್ರ ಈ ಅಂಕಿ ನಿಲ್ಲುತ್ತದೆ. ಲೆಕ್ಕವನ್ನು ಏನನ್ನೂ ಅಳಿಸದೆ ನಡೆಸಬಹುದೆಂದು ಐಬಿಎಂನವರೇ ಆದ ಚಾರ್ಲ್ಸ್ ಬೆನೆಟ್ 1973ರಲ್ಲೇ ತೋರಿಸಿದ್ದರು. ನಿಮ್ಮ ವಿನ್ಯಾಸದಲ್ಲಿ ಈ ಭಾಗಾಕಾರದ ಉತ್ತರ 2.87×10⁻²¹ ಜೂಲ್‌ಗಿಂತ ಕಡಿಮೆ ಬಂದು, ತರ್ಕ ಮಾತ್ರ ಮಾಮೂಲಿಯದ್ದಾಗಿದ್ದರೆ, ಮುಂದಿನ ಲೆಕ್ಕಕ್ಕೆ ಹೋಗಬೇಡಿ. ಮೂಲದ ಅಂಕಿಯೇ ತಪ್ಪಿದೆ.

ಶಾಖದ ಲೆಕ್ಕ

400 ನ್ಯಾನೊಮೀಟರ್ ಬದಿಯ ಘನದ ಗಾತ್ರ 6.4×10⁻²⁰ ಘನ ಮೀಟರ್. ಒಂದು ಘನ ಸೆಂಟಿಮೀಟರಿನಲ್ಲಿ ಇಂಥವು 1.56×10¹³, ಅಂದರೆ 15.6 ಲಕ್ಷ ಕೋಟಿ ಪ್ರೊಸೆಸರುಗಳು ಹಿಡಿಯುತ್ತವೆ. ಎಲ್ಲವೂ ಪೂರ್ಣ ವೇಗದಲ್ಲಿ ಓಡಿದರೆ 9.4×10⁵ ವ್ಯಾಟ್. ಬೆರಳ ತುದಿಯಷ್ಟು ತುಣುಕಿನಿಂದ 940 ಕಿಲೋವ್ಯಾಟ್ ಶಾಖವನ್ನು ಸತತವಾಗಿ ಹೊರಗೆಳೆಯಬೇಕು.

ಬರೀ ವಹನದಿಂದ ಎಷ್ಟು ಹೊರಗೆ ಬರುತ್ತದೆ ನೋಡಿ. ಎರಡು ಎದುರುಬದುರು ಮುಖಗಳನ್ನು ತಂಪಾಗಿಟ್ಟ ಫಲಕದ ಒಳಗೆಲ್ಲ ಸಮನಾಗಿ ಶಾಖ ಹುಟ್ಟುತ್ತಿದ್ದರೆ, ನಡುಮಧ್ಯದ ತಾಪ ಏರಿಕೆಗೆ ಸೂತ್ರ ಹೀಗೆ: ಘನ ಮೀಟರಿಗೆ ಹುಟ್ಟುವ ಶಾಖವನ್ನು ದಪ್ಪದ ವರ್ಗದಿಂದ ಗುಣಿಸಿ, ಅದನ್ನು ಉಷ್ಣವಾಹಕತೆಯ ಎಂಟು ಪಟ್ಟಿನಿಂದ ಭಾಗಿಸಿ. ಶುದ್ಧ ವಜ್ರದ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 2000 ವ್ಯಾಟ್, ತಾಮ್ರದ ಐದು ಪಟ್ಟು. ಒಂದು ಸೆಂಟಿಮೀಟರ್ ದಪ್ಪ, 50 ಕೆಲ್ವಿನ್ ಏರಿಕೆ ಎಂದಿಟ್ಟುಕೊಂಡರೆ ಘನ ಸೆಂಟಿಮೀಟರಿಗೆ 8000 ವ್ಯಾಟ್ ಸಿಗುತ್ತದೆ.

ಹೆಚ್ಚಿನವರು ಎಡವುವುದು ಈ 2000 ಎಂಬ ಅಂಕಿಯಲ್ಲೇ. ಅದು ದೋಷವಿಲ್ಲದ ಇಡೀ ಹರಳಿನದ್ದು. ವಜ್ರದಲ್ಲಿ ಶಾಖವನ್ನು ಹೊರುವುದು ಹರಳಿನ ಕಂಪನಗಳು. ಅವು ಚೆದುರದೆ ನೂರಾರು ನ್ಯಾನೊಮೀಟರ್ ಸಾಗುವುದರಿಂದಲೇ ವಜ್ರಕ್ಕೆ ಅಷ್ಟು ವಾಹಕತೆ. ನಮ್ಮ ಪ್ರೊಸೆಸರಿನ ಒಳಗಾದರೋ ಒಂದೆರಡು ನ್ಯಾನೊಮೀಟರಿಗೊಂದು ಕಡ್ಡಿ, ಒಂದು ಸಂದು, ಒಂದು ಜಾರುವ ಮೈ. ಕಡ್ಡಿ ತನ್ನ ಕೊಳವೆಯಲ್ಲಿ ಸಲೀಸಾಗಿ ಜಾರಬೇಕೆಂದರೆ ಎರಡೂ ಮೈಗಳ ನಡುವೆ ಬಿಗಿಯಾದ ಬಂಧ ಇರಕೂಡದು. ಬಂಧವಿಲ್ಲದ ಕಡೆ ಕಂಪನ ದಾಟುವುದೂ ಕಷ್ಟ. ಘರ್ಷಣೆ ಕಡಿಮೆ ಮಾಡುವ ಗುಣವೇ ಶಾಖಕ್ಕೆ ಅಡ್ಡಿ. ಆದ್ದರಿಂದ ವಾಹಕತೆಯನ್ನು 2000ದ ಬದಲು 20 ವ್ಯಾಟ್ ಎಂದು ಹಿಡಿಯುವುದು ಸುರಕ್ಷಿತ. ಆಗ ಮಿತಿ 8000 ಅಲ್ಲ, 80 ವ್ಯಾಟ್. 60 ನ್ಯಾನೊವ್ಯಾಟಿನ ಪ್ರೊಸೆಸರುಗಳು ಅಷ್ಟರಲ್ಲಿ 133 ಕೋಟಿ ಓಡಬಹುದು. ಇರುವ ಪ್ರತಿ 11,700ರಲ್ಲಿ ಒಂದು ಮಾತ್ರ ಕೆಲಸ ಮಾಡುತ್ತದೆ, ಉಳಿದದ್ದು ಸುಮ್ಮನೆ ಕೂತ ವಜ್ರ.

ಒಳಗೇ ನೀರು ಹರಿಸಿದರೆ ಚಿತ್ರ ಬದಲಾಗುತ್ತದೆ. ಡ್ರೆಕ್ಸ್‌ಲರ್ ಕವಲೊಡೆಯುವ ಕೊಳವೆಗಳ ಜಾಲದಿಂದ ಘನ ಸೆಂಟಿಮೀಟರಿಗೆ ಒಂದು ಲಕ್ಷ ವ್ಯಾಟ್‌ವರೆಗೆ ತೆಗೆಯಬಹುದೆಂದು ಅಂದಾಜಿಸಿದ್ದರು. ಅದಕ್ಕೇನು ಬೇಕು ಎಂದು ನೀವೇ ಲೆಕ್ಕ ಹಾಕಿ ನೋಡಬಹುದು. ನೀರು 30 ಕೆಲ್ವಿನ್ ಬಿಸಿಯಾಗಲಿ ಎಂದಿಟ್ಟುಕೊಂಡರೆ ಸೆಕೆಂಡಿಗೆ 0.8 ಲೀಟರ್ ಹರಿಯಬೇಕು. ಅಡ್ಡಕೊಯ್ತದ ಅರ್ಧವನ್ನು ಕೊಳವೆಗಳಿಗೇ ಬಿಟ್ಟರೂ ವೇಗ ಸೆಕೆಂಡಿಗೆ 16 ಮೀಟರ್. ಕೊಳವೆಗಳ ವ್ಯಾಸ 100 ಮೈಕ್ರೋಮೀಟರ್ ಇದ್ದರೆ ಒಂದು ಸೆಂಟಿಮೀಟರ್ ಉದ್ದಕ್ಕೆ ಸುಮಾರು 5 ವಾತಾವರಣದ ಒತ್ತಡ ಸಾಕು, ಪಂಪಿಗೆ ಸುಮಾರು 400 ವ್ಯಾಟ್. ವ್ಯಾಸವನ್ನು 10 ಮೈಕ್ರೋಮೀಟರಿಗೆ ಇಳಿಸಿದಿರೋ, ಒತ್ತಡ ವ್ಯಾಸದ ವರ್ಗಕ್ಕೆ ವಿಲೋಮವಾಗಿ ಏರಿ 500 ವಾತಾವರಣ ದಾಟುತ್ತದೆ. ಪಂಪೇ 40 ಕಿಲೋವ್ಯಾಟ್ ತಿನ್ನುತ್ತದೆ, ಅದೂ ಶಾಖವಾಗಿ ಅಲ್ಲೇ ಬೀಳುತ್ತದೆ. ಸಣ್ಣ ಕೊಳವೆ ಇದ್ದಷ್ಟೂ ಒಳ್ಳೆಯದು ಎಂಬ ಊಹೆ ಇಲ್ಲಿ ಕೆಡಿಸುತ್ತದೆ. ದಪ್ಪ ಕೊಳವೆ ದೂರಕ್ಕೆ, ಸಣ್ಣ ಕವಲು ಕೊನೆಯ ಕೆಲವು ಮೈಕ್ರೋಮೀಟರಿಗೆ ಮಾತ್ರ, ಅದಕ್ಕೇ ಕವಲೊಡೆಯುವ ವಿನ್ಯಾಸ. ನೀರಿನಲ್ಲಿ ಮಂಜುಗಡ್ಡೆಯ ಪುಟ್ಟ ಗುಳಿಗೆಗಳನ್ನು ತೇಲಿಬಿಟ್ಟರೆ ಹರಿವನ್ನು ಇನ್ನೂ ಇಳಿಸಬಹುದು. ಮಂಜುಗಡ್ಡೆ ಕರಗುವಾಗ ಕಿಲೋಗ್ರಾಂಗೆ 334 ಕಿಲೋಜೂಲ್ ಹೀರುತ್ತದೆ, ನೀರು 80 ಕೆಲ್ವಿನ್ ಬಿಸಿಯಾದಷ್ಟಕ್ಕೆ ಅದು ಸಮ.

ಒಂದು ಲಕ್ಷ ವ್ಯಾಟ್ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಪೂರ್ಣ ವೇಗದಲ್ಲಿ 1.67 ಲಕ್ಷ ಕೋಟಿ ಪ್ರೊಸೆಸರುಗಳು ಓಡುತ್ತವೆ, ಸೆಕೆಂಡಿಗೆ 1.67×10²¹ ಆದೇಶ. ಆಗಲೂ ಇರುವುದರಲ್ಲಿ ಒಂಬತ್ತಕ್ಕೊಂದು ಮಾತ್ರ.

ಕ್ಲಾಕ್ ಇಳಿಸಿ

ಎಂಟು ಭಾಗವನ್ನು ಸುಮ್ಮನೆ ಕೂರಿಸಿ ಒಂದು ಭಾಗವನ್ನು ಓಡಿಸುವುದು ಅತ್ಯಂತ ದುಬಾರಿ ದಾರಿ. ಜಾರುವ ಮೈಗಳ ಎಳೆತ ವೇಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಒಂದು ಸಲ ಜರುಗಿದಾಗ ಆಗುವ ನಷ್ಟವೂ ವೇಗದಷ್ಟೇ ಏರುತ್ತದೆ, ಸೆಕೆಂಡಿನ ನಷ್ಟ ವೇಗದ ವರ್ಗದಷ್ಟು. ವೇಗ ಅರ್ಧವಾದರೆ ಪ್ರೊಸೆಸರೊಂದರ ಬಳಕೆ ಕಾಲು ಭಾಗ. ಎರಡು ಪಟ್ಟು ನಿಧಾನದ ನಾಲ್ಕು ಪ್ರೊಸೆಸರುಗಳನ್ನು ಅದೇ ಶಾಖಕ್ಕೆ ಓಡಿಸಬಹುದು, ಒಟ್ಟು ಕೆಲಸ ಎರಡು ಪಟ್ಟು.

ಒಂದು ಲಕ್ಷ ವ್ಯಾಟಿನ ಉದಾಹರಣೆಯಲ್ಲಿ ಅರ್ಧ ಗಾತ್ರ ಕೊಳವೆಗೆ ಹೋಗಿ 7.8 ಲಕ್ಷ ಕೋಟಿ ಪ್ರೊಸೆಸರು ಉಳಿದವು ಎನ್ನಿ. ತಲಾ 12.8 ನ್ಯಾನೊವ್ಯಾಟ್. 60ನ್ನು 12.8ರಿಂದ ಭಾಗಿಸಿ ವರ್ಗಮೂಲ ತೆಗೆದರೆ 2.16. ವೇಗವನ್ನು ಅಷ್ಟು ಪಟ್ಟು ಇಳಿಸಿ 46 ಕೋಟಿ ಹರ್ಟ್ಸ್‌ಗೆ ತಂದರೆ ಎಲ್ಲವೂ ಓಡುತ್ತವೆ. ಒಟ್ಟು 3.6×10²¹ ಆದೇಶ. ಶಾಖ ಒಂದು ವ್ಯಾಟೂ ಹೆಚ್ಚಿಲ್ಲ, ಕೆಲಸ ಎರಡು ಪಟ್ಟಿಗಿಂತ ಹೆಚ್ಚು.

80 ವ್ಯಾಟಿನ ಬರೀ ವಹನದ ಉದಾಹರಣೆಯಲ್ಲಿ ಲಾಭ ಇನ್ನೂ ದೊಡ್ಡದು. ಅನುಪಾತ 11,700, ಅದರ ವರ್ಗಮೂಲ 108. ವೇಗ ಸುಮಾರು 92 ಲಕ್ಷ ಹರ್ಟ್ಸ್, ಒಟ್ಟು ಕೆಲಸ 1.4×10²⁰. ಪೂರ್ಣ ವೇಗದಲ್ಲಿ ಕೆಲವನ್ನಷ್ಟೇ ಓಡಿಸಿದಾಗ ಸಿಗುತ್ತಿದ್ದದ್ದು 1.3×10¹⁸. ಆದರೆ ಈ ಅಂಕಿಯನ್ನು ಹಾಗೇ ನಂಬಬೇಡಿ. 60 ನ್ಯಾನೊವ್ಯಾಟ್ ಅಷ್ಟೂ ವೇಗದ ಜೊತೆ ಇಳಿಯುವ ಎಳೆತದ ನಷ್ಟ ಎಂದುಕೊಂಡು ಬಂದ ಅಂಕಿ ಇದು. ನಿಧಾನಿಸಿದರೂ ಇಳಿಯದ ಇನ್ನೊಂದು ನಷ್ಟವಿದೆ.

ಅಳಿಸುವ ಬಿಟ್‌ಗಳನ್ನು ಎಣಿಸಿ

ಒಂದು ಆದೇಶ ನಡೆಯುವಾಗ ಎಷ್ಟು ಬಿಟ್ ನಿಜವಾಗಿ ಕಳೆದುಹೋಗುತ್ತವೆ ಎಂದು ಎಣಿಸಬೇಕು. 64 ಬಿಟ್‌ನ ರಿಜಿಸ್ಟರ್ (ಪ್ರೊಸೆಸರಿನೊಳಗೆ ಒಂದು ಬೆಲೆ ಇಡುವ ಜಾಗ) ಒಂದರ ಮೇಲೆ ಹೊಸ ಬೆಲೆ ಬರೆದರೆ ಹಳೆಯ 64 ಬಿಟ್ ಹೋದವು. ಕ್ಯಾಶ್ ಎಂಬ ಹತ್ತಿರದ ನೆನಪಿನ ಒಂದು ಸಾಲಿನ ಮೇಲೆ ಬರೆದರೆ 512. ಊಹೆಯ ಮೇಲೆ ಮೊದಲೇ ನಡೆಸಿ ಆಮೇಲೆ ಬಿಸಾಡಿದ ಲೆಕ್ಕಗಳೆಲ್ಲ ಇದಕ್ಕೆ ಸೇರುತ್ತವೆ. ಮಾಮೂಲಿ ಪ್ರೊಗ್ರಾಂ ಬರೆಯುವವರು ಇದನ್ನು ಎಣಿಸುವ ಅಭ್ಯಾಸವೇ ಇಟ್ಟುಕೊಂಡಿರುವುದಿಲ್ಲ, ಏಕೆಂದರೆ ಇಂದಿನ ಚಿಪ್ಪುಗಳಲ್ಲಿ ಈ ನಷ್ಟ ಉಳಿದದ್ದರ ಮುಂದೆ ಕಾಣುವುದೇ ಇಲ್ಲ. ಅಣು ಮಟ್ಟದಲ್ಲಿ ಇದೇ ನೆಲಗಟ್ಟು.

ಆದೇಶಕ್ಕೆ 1000 ಬಿಟ್ ಎಂದಿಟ್ಟುಕೊಂಡರೆ 2.87×10⁻¹⁸ ಜೂಲ್. 100 ಕೋಟಿ ಹರ್ಟ್ಸ್‌ನಲ್ಲಿ ಇದು ಎಳೆತದ ನಷ್ಟದ 5 ಶೇಕಡಾ ಅಷ್ಟೇ, ಲೆಕ್ಕಕ್ಕಿಲ್ಲ. ವೇಗವನ್ನು 21 ಪಟ್ಟು ಇಳಿಸಿ 4.8 ಕೋಟಿ ಹರ್ಟ್ಸ್‌ಗೆ ತಂದಾಗ ಎರಡೂ ಸಮ. ಅದಕ್ಕಿಂತ ಕೆಳಗೆ ನಿಧಾನಿಸಿದಷ್ಟೂ ಸಿಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. 80 ವ್ಯಾಟಿನ ಲೆಕ್ಕವನ್ನು ಎರಡೂ ನಷ್ಟ ಸೇರಿಸಿ ಮತ್ತೆ ಮಾಡಿದರೆ ವೇಗ 92 ಲಕ್ಷ ಹರ್ಟ್ಸ್ ಅಲ್ಲ, ಸುಮಾರು 17 ಲಕ್ಷ. ಒಟ್ಟು ಕೆಲಸ 2.7×10¹⁹, ಮೊದಲು ಬಂದದ್ದರ ಐದನೇ ಒಂದು ಭಾಗ. ಈ ಹಂತದಲ್ಲಿ ಬಳಕೆಯಾಗುವ ಶಕ್ತಿಯ 96 ಶೇಕಡಾ ಅಳಿಸುವುದಕ್ಕೇ ಹೋಗುತ್ತಿದೆ. ಇನ್ನು ಯಂತ್ರವನ್ನು ಎಷ್ಟು ನುಣುಪಾಗಿ ಮಾಡಿದರೂ ಉಪಯೋಗವಿಲ್ಲ, ಪ್ರೊಗ್ರಾಂ ಬದಲಾಗಬೇಕು.

ಅಳಿಸದೆ ಲೆಕ್ಕ ಮಾಡುವ ಸರಳ ವಿಧಾನ ಬೆನೆಟ್‌ನದ್ದು: ಮಧ್ಯದ ಬೆಲೆಗಳನ್ನೆಲ್ಲ ಇಟ್ಟುಕೊಂಡು ಮುಂದಕ್ಕೆ ನಡೆಸಿ, ಉತ್ತರವನ್ನು ನಕಲು ಮಾಡಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿ ಎಲ್ಲವನ್ನೂ ಮೊದಲಿನಂತೆ ಖಾಲಿ ಮಾಡಿ. ಸಮಯ ಎರಡು ಪಟ್ಟು, ನೆನಪಿನ ಜಾಗ ಹೆಜ್ಜೆಗಳ ಸಂಖ್ಯೆಯಷ್ಟು. ಅಷ್ಟು ಜಾಗ ಇಲ್ಲದಿದ್ದರೆ 1989ರಲ್ಲಿ ಅವರೇ ಬರೆದ ಇನ್ನೊಂದು ದಾರಿಯಿದೆ. ಲೆಕ್ಕವನ್ನು ಅರ್ಧರ್ಧವಾಗಿ ಒಡೆಯುತ್ತಾ ಹೋಗಿ, ಪ್ರತಿ ಅರ್ಧದ ಕೊನೆಯ ಸ್ಥಿತಿಯನ್ನಷ್ಟೇ ಇಟ್ಟುಕೊಳ್ಳುವುದು. ಪ್ರತಿ ಸಲ ಉದ್ದ ಎರಡು ಪಟ್ಟಾದಾಗ ಕೆಲಸ ಮೂರು ಪಟ್ಟಾಗುತ್ತದೆ, ಜಾಗ ಒಂದು ಸ್ಥಿತಿಯಷ್ಟು ಮಾತ್ರ ಬೆಳೆಯುತ್ತದೆ. 1024 ತುಂಡುಗಳ ಲೆಕ್ಕಕ್ಕೆ ಹನ್ನೊಂದು ಸ್ಥಿತಿಗಳ ಜಾಗ ಸಾಕು, ಆದರೆ ನಡೆಸಬೇಕಾದ ತುಂಡುಗಳು 59,049, ಅಂದರೆ 58 ಪಟ್ಟು ಕೆಲಸ. ಆ 58 ಪಟ್ಟಿಗೂ ಎಳೆತದ ನಷ್ಟ ಇದ್ದೇ ಇದೆ. 17 ಲಕ್ಷ ಹರ್ಟ್ಸ್‌ನಲ್ಲಿ ಎಳೆತದ ನಷ್ಟ ಅಳಿಸುವ ನಷ್ಟದ 28ನೇ ಒಂದು ಭಾಗ. ಅದನ್ನು 58 ಪಟ್ಟು ಮಾಡಿದರೆ ಅಳಿಸುವುದಕ್ಕಿಂತಲೂ ದುಬಾರಿ. ಎರಡು ಪಟ್ಟಿನ ವಿಧಾನ ಲಾಭ, ಆಳವಾಗಿ ಒಡೆಯುವುದು ನಷ್ಟ. ನಡುವೆ ಎಲ್ಲಿ ನಿಲ್ಲಬೇಕೆಂದು ನಿಮ್ಮ ವೇಗಕ್ಕೆ ಇದೇ ಹೋಲಿಕೆ ಮಾಡಿ ನಿರ್ಧರಿಸಿ.

ತಂಪು ಮಾಡಿದರೆ ಅಳಿಸುವ ಬೆಲೆ ಇಳಿಯುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. 77 ಕೆಲ್ವಿನ್‌ನಲ್ಲಿ ಅದು 3.9 ಪಟ್ಟು ಇಳಿಯುತ್ತದೆ, ನಿಜ. ಆದರೆ ಅಲ್ಲಿಂದ ಒಂದು ವ್ಯಾಟ್ ಎತ್ತಿ 300 ಕೆಲ್ವಿನ್‌ಗೆ ಹಾಕಲು ಆದರ್ಶ ಶೈತ್ಯಯಂತ್ರಕ್ಕೂ 2.9 ವ್ಯಾಟ್ ಬೇಕು. ಒಟ್ಟು ಮತ್ತೆ ಅದೇ. ನಿಜವಾದ ಯಂತ್ರಗಳಲ್ಲಿ ಇನ್ನೂ ಹೆಚ್ಚು.

ತಪ್ಪುಗಳು, ಕಡ್ಡಿಯ ಉದ್ದ

ಶಾಖದ ಕುಲುಕಾಟಕ್ಕೆ ಕಡ್ಡಿ ತಾನಾಗಿಯೇ ತಪ್ಪು ಜಾಗಕ್ಕೆ ಹಾರುವ ಸಂಭವ, ಅದು ದಾಟಬೇಕಾದ ಶಕ್ತಿಯ ತಡೆಯ ಎತ್ತರ ಎಷ್ಟು ಕೆಟಿ ಎಂಬುದರ ಮೇಲೆ ಘಾತೀಯವಾಗಿ ಇಳಿಯುತ್ತದೆ. 1.67 ಲಕ್ಷ ಕೋಟಿ ಪ್ರೊಸೆಸರು, ತಲಾ 10 ಲಕ್ಷ ತಡೆ, 100 ಕೋಟಿ ಹರ್ಟ್ಸ್: ಸೆಕೆಂಡಿಗೆ 1.67×10²⁷ ಅವಕಾಶಗಳು. ಇಡೀ ತುಣುಕಿನಲ್ಲಿ ದಿನಕ್ಕೊಂದು ತಪ್ಪು ಸಾಕೆಂದರೆ 1.44×10³² ಅವಕಾಶಕ್ಕೊಂದು. ಇದರ ಸ್ವಾಭಾವಿಕ ಲಾಗರಿದಮ್ 74. ಶಕ್ತಿಯ ತಡೆ 74 ಕೆಟಿ, ಸುಮಾರು 3.1×10⁻¹⁹ ಜೂಲ್ ಇರಬೇಕು.

ಈ ಶಕ್ತಿಯನ್ನು ಪ್ರತಿ ಸಲ ಮರಳಿ ಪಡೆಯದೆ ಚೆಲ್ಲಿದರೆ ಏನಾಗುತ್ತದೆ? 51 ಕೋಟಿ ವ್ಯಾಟ್. ಒಂದು ಘನ ಸೆಂಟಿಮೀಟರಿನಲ್ಲಿ ಒಂದು ದೊಡ್ಡ ವಿದ್ಯುತ್ ಸ್ಥಾವರದ ಘಟಕದಷ್ಟು. ಶಕ್ತಿಯನ್ನು ಮರಳಿ ಪಡೆಯುವುದನ್ನು ಬೇಕಿದ್ದರೆ ಸೇರಿಸುವ ಸೌಲಭ್ಯ ಎಂದು ನೋಡುವವರು ಈ ಒಂದು ಗುಣಾಕಾರ ಮಾಡಬೇಕು.

ಈ ಶಕ್ತಿಯ ತಡೆಯ ಎತ್ತರದಿಂದ ಕಡ್ಡಿಯ ಉದ್ದಕ್ಕೂ ಮಿತಿ ಬೀಳುತ್ತದೆ. ಕಡ್ಡಿಯ ತುದಿ 0.3 ನ್ಯಾನೊಮೀಟರ್ ಸರಿದರೆ ಗುಬುಟು ತಪ್ಪು ಜಾಗದಲ್ಲಿ ಕೂರುತ್ತದೆ ಎನ್ನಿ. ಅಷ್ಟು ಸರಿಯಲು 74 ಕೆಟಿ ಬೇಕೆಂದರೆ ಕಡ್ಡಿಯ ಬಿಗಿತ ಮೀಟರಿಗೆ 6.8 ನ್ಯೂಟನ್ ಇರಬೇಕು. ವಜ್ರದ ಯಂಗ್ ಗುಣಾಂಕವನ್ನು (ಎಳೆದರೆ ವಸ್ತು ಎಷ್ಟು ಬಿಗಿಯಾಗಿ ನಿಲ್ಲುತ್ತದೆ ಎಂಬ ಅಳತೆ) 10¹² ಪ್ಯಾಸ್ಕಲ್ ಎಂದು ಹಿಡಿದರೆ, ಒಂದು ಚದರ ನ್ಯಾನೊಮೀಟರ್ ಅಡ್ಡಕೊಯ್ತದ ಕಡ್ಡಿ 147 ನ್ಯಾನೊಮೀಟರ್ ಉದ್ದದವರೆಗೆ ಮಾತ್ರ ಇದನ್ನು ಪೂರೈಸುತ್ತದೆ. 400 ನ್ಯಾನೊಮೀಟರಿನ ಪ್ರೊಸೆಸರಿನ ಒಂದು ಬದಿಯಿಂದ ಇನ್ನೊಂದಕ್ಕೆ ಒಂದೇ ಕಡ್ಡಿ ಹಾಯಬೇಕಾದರೆ ಅಡ್ಡಕೊಯ್ತ 2.7 ಚದರ ನ್ಯಾನೊಮೀಟರ್ ಆಗಬೇಕು, ಇಲ್ಲವೇ ನಡುವೆ ಹಿಡಿದು ನಿಲ್ಲಿಸುವ ಹಂತಗಳು ಬೇಕು. ಗೇಟನ್ನು ಇನ್ನೂ ಸಣ್ಣದು ಮಾಡಿ ಎಂಬ ಸಲಹೆ ಬಂದಾಗೆಲ್ಲ ಈ ಲೆಕ್ಕ ತೆಗೆಯಿರಿ. ಸರಿಯುವ ದೂರ ಅರ್ಧವಾದರೆ ಬೇಕಾದ ಬಿಗಿತ ನಾಲ್ಕು ಪಟ್ಟು.

ಇಷ್ಟು ಶಕ್ತಿಗೆ ಇದಕ್ಕಿಂತ ಬೇಗ ಸ್ಥಿತಿ ಬದಲಾಗದು ಎನ್ನುವ ಕ್ವಾಂಟಮ್ ವೇಗಮಿತಿಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮಾರ್ಗೋಲಸ್ ಮತ್ತು ಲೆವಿಟಿನ್ 1998ರಲ್ಲಿ ಕೊಟ್ಟ ಮಿತಿಯ ಪ್ರಕಾರ ಒಂದು ನ್ಯಾನೊಸೆಕೆಂಡಿನಲ್ಲಿ ಸ್ಥಿತಿ ಬದಲಿಸಲು 1.7×10⁻²⁵ ಜೂಲ್ ಇದ್ದರೆ ಸಾಕು, ಅದು ಕೆಟಿಯ 25,000ನೇ ಒಂದು ಭಾಗ. ಎರಡೂ ಸಮವಾಗುವುದು 25 ಲಕ್ಷ ಕೋಟಿ ಹರ್ಟ್ಸ್ ಸುತ್ತಮುತ್ತ. ಸೇತ್ ಲಾಯ್ಡ್ 2000ದಲ್ಲಿ ಲೆಕ್ಕ ಹಾಕಿದ, ಒಂದು ಕಿಲೋಗ್ರಾಂ ವಸ್ತುವಿಗೆ ಸೆಕೆಂಡಿಗೆ 5.4×10⁵⁰ ಎಂಬ ಅಂಕಿ ವಸ್ತುವಿನ ಇಡೀ ದ್ರವ್ಯರಾಶಿಯೇ ಶಕ್ತಿಯಾಗಿ ಬಳಕೆಯಾದಾಗಿನದ್ದು. ಎಂಜಿನಿಯರಿಂಗ್ ಅಂದಾಜಿನಲ್ಲಿ ಅದಕ್ಕೆ ಜಾಗವಿಲ್ಲ.

ಸಂದೇಶ ದಾಟುವ ಸಮಯ, ಕೆಟ್ಟು ಹೋಗುವ ಭಾಗಗಳು

ಕಡ್ಡಿಯನ್ನು ಒಂದು ತುದಿಯಲ್ಲಿ ತಳ್ಳಿದರೆ ಇನ್ನೊಂದು ತುದಿಗೆ ಸುದ್ದಿ ಹೋಗುವುದು ಶಬ್ದದ ವೇಗದಲ್ಲಿ, ವಜ್ರದಲ್ಲಿ ಸೆಕೆಂಡಿಗೆ ಸುಮಾರು 18 ಕಿಲೋಮೀಟರ್. 400 ನ್ಯಾನೊಮೀಟರಿಗೆ 22 ಪಿಕೋಸೆಕೆಂಡ್, ತೊಂದರೆಯಿಲ್ಲ. ಒಂದು ಸೆಂಟಿಮೀಟರಿಗೆ 0.56 ಮೈಕ್ರೋಸೆಕೆಂಡ್, ಪೂರ್ಣ ವೇಗದಲ್ಲಿ 560 ಬಡಿತ ಕಾಯಬೇಕು. ಪಕ್ಕದವರೊಂದಿಗೆ ಮಾತ್ರ ಮಾತಾಡುವ ಲೆಕ್ಕಗಳಿಗೆ, ಉದಾಹರಣೆಗೆ ಹವಾಮಾನ ಅಥವಾ ಅಣುಗಳ ಚಲನೆಯ ಅನುಕರಣೆಗೆ, ಇದು ಅಡ್ಡಿಯಾಗದು. ಎಲ್ಲ ಪ್ರೊಸೆಸರುಗಳೂ ಒಂದೇ ದತ್ತಾಂಶಕ್ಕೆ ಕೈಚಾಚುವ ಲೆಕ್ಕವಾದರೆ ಮೇಲಿನ 10²¹ಗಳೆಲ್ಲ ಕಾಗದದ ಮೇಲಷ್ಟೇ. 17 ಲಕ್ಷ ಹರ್ಟ್ಸ್‌ಗೆ ಇಳಿದಾಗ ಒಂದು ಬಡಿತದ ಅವಧಿಯೂ ತುಣುಕನ್ನು ದಾಟುವ ಸಮಯವೂ ಹೆಚ್ಚುಕಡಿಮೆ ಒಂದೇ, ನಿಧಾನಿಸಿದ್ದರ ಇನ್ನೊಂದು ಲಾಭ.

ಕೊನೆಯದಾಗಿ ವಿಕಿರಣ. ನೈಸರ್ಗಿಕ ಹಿನ್ನೆಲೆ ವರ್ಷಕ್ಕೆ ಕಿಲೋಗ್ರಾಂಗೆ ಒಂದು ಮಿಲಿಜೂಲ್‌ನಷ್ಟು ಎನ್ನಿ. 3.5 ಗ್ರಾಂ ತುಣುಕಿಗೆ 2.2×10¹³ ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅತಿ ಸಣ್ಣ ಅಳತೆ). ಪ್ರತಿ 100 ಎಲೆಕ್ಟ್ರಾನ್ ವೋಲ್ಟ್‌ಗೆ ಒಂದು ಬಂಧ ಕೆಡುತ್ತದೆ, ಕೆಟ್ಟ ಬಂಧವೊಂದು ಒಂದು ಪ್ರೊಸೆಸರನ್ನು ನಿಲ್ಲಿಸುತ್ತದೆ ಎಂಬ ಕಠಿಣ ಊಹೆ ಇಟ್ಟುಕೊಂಡರೆ ವರ್ಷಕ್ಕೆ 1.4 ಶೇಕಡಾ ಪ್ರೊಸೆಸರುಗಳು ಸಾಯುತ್ತವೆ. ಹತ್ತು ವರ್ಷದ ಆಯುಷ್ಯ ಬೇಕಾದರೆ ಸುಮಾರು 15 ಶೇಕಡಾ ಹೆಚ್ಚುವರಿ ಇಟ್ಟುಕೊಳ್ಳಿ. ಪ್ರೊಸೆಸರಿನ ಸಂಖ್ಯೆ ಹೇರಳವಾಗಿರುವಾಗ ಇದು ಅಗ್ಗ. ಅಗ್ಗವಲ್ಲದ್ದು ಹಂಚಿಕೊಂಡ ಭಾಗಗಳು: ಸಾವಿರಾರು ಪ್ರೊಸೆಸರುಗಳಿಗೆ ಬಡಿತ ಕೊಡುವ ಒಂದೇ ಚಾಲಕ ದಂಡ, ಒಂದೇ ಶಕ್ತಿಯ ಸಾಲು. ಜಾಮ್ ಆದ ಕಡ್ಡಿಯೊಂದು ದಂಡವನ್ನೇ ಹಿಡಿದುಬಿಟ್ಟರೆ ಸಾವಿರವೂ ನಿಲ್ಲುತ್ತವೆ. ಅದಕ್ಕೆ ಪ್ರತಿ ಪ್ರೊಸೆಸರಿಗೂ ದಂಡದಿಂದ ಬಿಡಿಸಿಕೊಳ್ಳುವ ಕ್ಲಚ್ ಇರಲಿ, ಪ್ರತಿ ದಂಡಕ್ಕೂ ಜೋಡಿಯಿರಲಿ. ಕ್ಲಚ್‌ಗಳು ತಿನ್ನುವ ಜಾಗವನ್ನು ಮೊದಲ ಲೆಕ್ಕದ 400 ನ್ಯಾನೊಮೀಟರಿಗೆ ಸೇರಿಸಿ ಇನ್ನೊಮ್ಮೆ ಎಣಿಸಿ.